ಜಾಲಪುಟದಲ್ಲಿ ‘ಬರುತ್ತಿದೆ’ ಎಂಬ ಚಿಹ್ನೆಯ ವಿಷಯ

ಈ ಸ್ಮರಣಸಂಚಿಕೆಯಲ್ಲಿ ಶಾಲೆಯ ವರದಿ, ಆಟೋಟಗಳ ವಿವರ, ಬಹುಮಾನ ಪಡೆದವರ ಹೆಸರುಗಳು ಇವುಗಳ ಜೊತೆಗೆ ತರಗತಿಯಲ್ಲಿ ನಡೆದ ಒಂದು ಪಾಠವನ್ನಾದರೂ ನಿಮ್ಮ ಮುಂದೆ ಇಡಬೇಕೆಂಬುದು ನಮ್ಮ ಇಚ್ಛೆ. ಪಾಠವೆಂದೊಡನೆ ಯಾರೂ ಪುಟವನ್ನು ಮಗುಚಬೇಕಾದುದಿಲ್ಲ. ಇದರ ಕಡೆಯಲ್ಲಿ ಪರೀಕ್ಷೆ ಇಲ್ಲ. ಮೇಲಿನ ತರಗತಿಗಳ ಹುಡುಗಿಯರಿಗೆ ಗಣಕಯಂತ್ರದ ಪಾಠದಲ್ಲಿ ನಾವು ಜಾಲಪುಟಗಳನ್ನು ಕಟ್ಟುವ ಕ್ರಮವನ್ನು ಕಲಿಸುತ್ತೇವೆ. ಅವರು ಶಾಲೆಯ ಗ್ರಂಥಭಂಡಾರದ ಪುಸ್ತಕಗಳನ್ನು ಹುಡುಕತಕ್ಕ ಒಂದು ಪುಟವನ್ನು ಕಟ್ಟಿದರು. ಆ ಕೆಲಸದಲ್ಲಿ ಅತ್ಯಂತ ಚಿಕ್ಕದೆಂದು ತೋರಿದ ಒಂದು ಅಂಶವೇ ಬೇರೆಲ್ಲಾ ಅಂಶಗಳಿಗಿಂತ ಹೆಚ್ಚು ವಿಚಾರಕ್ಕೆ ಎಡೆಕೊಟ್ಟಿತು. ಅದೇ ಈ ಲೇಖನದ ವಿಷಯ.

ಮೊಬೈಲನ್ನು ಕೈಯಲ್ಲಿ ಹಿಡಿದವರೆಲ್ಲರೂ ಆ ಚಿಹ್ನೆಯನ್ನು ಬಲ್ಲರು. ಒಂದು ಗುಂಡಿಯನ್ನು ಒತ್ತಿದೊಡನೆ ಪರದೆಯ ನಡುವೆ ಸಣ್ಣದೊಂದು ಬಳೆ ತಿರುಗತೊಡಗುತ್ತದೆ. ಪಕ್ಕದಲ್ಲಿರುವವರು “ಏನಾಯಿತು?” ಎಂದು ಕೇಳಿದರೆ, “ಸುತ್ತುತ್ತಾ ಇದೆ” ಎಂಬ ಉತ್ತರ ಬರುತ್ತದೆ. ಈ ಎರಡು ಮಾತುಗಳು ಈಗ ನಮ್ಮ ನಾಡಿನ ಮನೆಮಾತುಗಳಾಗಿವೆ. ಆದರೆ ಸುತ್ತುವುದು ಏನು, ಯಾತಕ್ಕಾಗಿ ಸುತ್ತುತ್ತದೆ, ಅದನ್ನು ಸುತ್ತಿಸುವವರು ಯಾರು ಎಂದು ಕೇಳುವವರು ಕಡಿಮೆ.

ಮೊದಲು ಕಾಯಬೇಕಾದ ಕಾರಣವನ್ನು ನೋಡೋಣ. ನಾವು ಓದುವ ಪುಟದ ವಿಷಯವು ನಮ್ಮ ಕೈಯ ಯಂತ್ರದಲ್ಲಿ ಇರುವುದಿಲ್ಲ. ಸರ್ವರ್ ಎಂಬ ಬೇರೊಂದು ಯಂತ್ರದಲ್ಲಿ, ಕೆಲವು ವೇಳೆ ಬೇರೊಂದು ಖಂಡದಲ್ಲಿ ಅದು ಇರುತ್ತದೆ. ನಮ್ಮ ಕೋರಿಕೆಯು ಅಲ್ಲಿಗೆ ಹೋಗಿ ಉತ್ತರವು ಹಿಂದಿರುಗಬೇಕು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ೨,೦೦,೦೦೦ ಕಿಲೋಮೀಟರು ಸಾಗುತ್ತದೆ. ಬೆಂಗಳೂರಿನಿಂದ ಮುಂಬಯಿಗೆ ನೇರ ದೂರ ಸುಮಾರು ೮೫೦ ಕಿಲೋಮೀಟರು. ಹೋಗಿ ಬರಲು ಸೆಕೆಂಡಿನ ನೂರರಲ್ಲಿ ಒಂದು ಭಾಗವೂ ಬೇಡ. ಬೆಂಗಳೂರಿನಿಂದ ನ್ಯೂಯಾರ್ಕಿಗಾದರೋ ನೇರ ದೂರ ಸುಮಾರು ೧೩,೪೦೦ ಕಿಲೋಮೀಟರು. ಒಂದು ಸಲ ಹೋಗಿ ಬರಲು ಬೆಳಕಿಗೇ ೦.೧೩ ಸೆಕೆಂಡು ಬೇಕು. ಗಾಜಿನ ಎಳೆಯ ಮೂಲಕ ಇದಕ್ಕಿಂತ ಬೇಗನೆ ಉತ್ತರ ತರಿಸುವ ಯಂತ್ರವನ್ನು ಯಾವ ಜಾಣರೂ ಮಾಡಲಾರರು. ಮೇಲಾಗಿ ಸಮುದ್ರದ ತಳದಲ್ಲಿ ಹಾಕಿರುವ ತಂತಿಗಳು ನೇರವಾಗಿ ಹೋಗುವುದಿಲ್ಲ. ಒಂದೇ ಸಲ ಹೋಗಿ ಬಂದರೂ ಸಾಲದು. ಎರಡು ಯಂತ್ರಗಳು ಮೊದಲು ಪರಸ್ಪರ ಕೈಹಿಡಿಯಬೇಕು. ಆ ಬಳಿಕ ತಮ್ಮ ಮಾತು ಮೂರನೆಯವರಿಗೆ ತಿಳಿಯದಂತೆ ಗುಪ್ತಲಿಪಿಯನ್ನು ಗೊತ್ತುಮಾಡಿಕೊಳ್ಳಬೇಕು. ಅನಂತರವೇ ನಮ್ಮ ಕೋರಿಕೆಯು ಹೊರಡುತ್ತದೆ. ಹೀಗೆ ಮೂರು ಸಲ ಹೋಗಿ ಬಂದರೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗ ಕಳೆಯಿತು. ಸರ್ವರು ತನ್ನ ಕಡತಗಳಲ್ಲಿ ಹುಡುಕುವ ಹೊತ್ತನ್ನೂ, ನಮ್ಮ ಮೊಬೈಲಿನಿಂದ ಗೋಪುರದವರೆಗಿನ ಗಾಳಿದಾರಿಯನ್ನೂ ಇದಕ್ಕೆ ಕೂಡಿಸಬೇಕು. ೨೦೨೦ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ನೆಟ್‌ವರ್ಕನ್ನು ಹುಡುಕುತ್ತಾ ಗುಡ್ಡ ಹತ್ತಿ ಪಾಠ ಕೇಳಿದುದನ್ನು ನೀವೆಲ್ಲರೂ ಬಲ್ಲಿರಿ. ಅಂಥವರಿಗೆ ಈ ಬಳೆಯು ಅರೆನಿಮಿಷವೂ ತಿರುಗೀತು.

ಹಿಂದೆ ಈ ಚಿಹ್ನೆಯನ್ನು ತೋರಿಸುವ ಭಾರವು ಪುಟವನ್ನು ಬರೆಯುವವರ ಮೇಲೆ ಇರಲಿಲ್ಲ. ೧೯೯೩ರಲ್ಲಿ ಹೊರಟ ಮೊಸಾಯಿಕ್ ಎಂಬ ಬ್ರೌಸರಿನ ಮೂಲೆಯಲ್ಲಿ ಒಂದು ಭೂಗೋಲವು ತಿರುಗುತ್ತಿತ್ತು. ಅದರ ಹಿಂದೆಯೇ ಬಂದ ನೆಟ್‌ಸ್ಕೇಪಿನಲ್ಲಿ ‘ಎನ್’ ಎಂಬ ಅಕ್ಷರದ ಬಳಿ ಉಲ್ಕೆಗಳು ಬೀಳುವ ಚಿತ್ರ ಇತ್ತು. ಆ ಕಾಲದಲ್ಲಿ ಯಾವ ಹೊಸ ಸಂಗತಿ ಬೇಕಾದರೂ ಇಡೀ ಪುಟವನ್ನೇ ತರಿಸಬೇಕಾಗಿತ್ತು. ಆದಕಾರಣ ಬ್ರೌಸರು ತಾನೇ ಎಲ್ಲವನ್ನೂ ತಿಳಿದಿದ್ದು ತಾನೇ ಚಿಹ್ನೆಯನ್ನು ತೋರಿಸುತ್ತಿತ್ತು. ೧೯೯೯ರಲ್ಲಿ ಮೈಕ್ರೋಸಾಫ್ಟಿನವರು ತಮ್ಮ ಬ್ರೌಸರಿನ ಐದನೆಯ ಆವೃತ್ತಿಯಲ್ಲಿ, ಪುಟವನ್ನು ಬದಲಾಯಿಸದೆ ಅದರ ಒಂದು ಭಾಗಕ್ಕೆ ಬೇಕಾದ ದತ್ತಾಂಶವನ್ನು ಮಾತ್ರ ಹಿಂದಿನಿಂದ ತರಿಸುವ ಸಾಧನವನ್ನು ಒದಗಿಸಿದರು. ೨೦೦೫ರಲ್ಲಿ ಜೆಸ್ಸೆ ಜೇಮ್ಸ್ ಗ್ಯಾರೆಟ್ ಎಂಬವರು ಆ ಪದ್ಧತಿಗೆ ‘ಅಜಾಕ್ಸ್’ ಎಂದು ಹೆಸರಿಟ್ಟ ಮೇಲೆ ಅದು ಎಲ್ಲೆಲ್ಲಿಯೂ ಹಬ್ಬಿತು. ೨೦೧೫ರಿಂದ ಬ್ರೌಸರುಗಳಲ್ಲಿ ‘ಫೆಚ್’ ಎಂಬ ಇನ್ನೂ ಸರಳವಾದ ಕ್ರಮ ಬಂದಿದೆ. ನಮ್ಮ ಹುಡುಗಿಯರು ಕಲಿಯುವುದು ಅದನ್ನೇ. ಇದರಿಂದ ಅನುಕೂಲವಾಯಿತು, ಸಂದೇಹವಿಲ್ಲ. ಆದರೆ ಹಿಂದಿನಿಂದ ನಡೆಯುವ ಈ ತರಿಸುವಿಕೆಗೆ ಬ್ರೌಸರು ತನ್ನ ಚಿಹ್ನೆಯನ್ನು ತೋರಿಸುವುದಿಲ್ಲ. ಪುಟವು ಕಣ್ಣಿಗೆ ಪೂರ್ತಿಯಾಗಿಯೇ ಇರುತ್ತದೆ. ಒಳಗೆ ಮಾತ್ರ ಏನೋ ನಡೆಯುತ್ತಿರುತ್ತದೆ. ಅದನ್ನು ಓದುಗರಿಗೆ ತಿಳಿಸತಕ್ಕ ಕರ್ತವ್ಯವು ಅಂದಿನಿಂದ ಪುಟವನ್ನು ಬರೆಯುವವರಿಗೆ ಬಂತು. ಅನೇಕರು ಅನುಕೂಲವನ್ನು ತೆಗೆದುಕೊಂಡು ಕರ್ತವ್ಯವನ್ನು ಬಿಟ್ಟಿದ್ದಾರೆಂದು ಹೇಳಬೇಕಾಗಿದೆ.

ಬಿಟ್ಟರೆ ಏನಾಗುತ್ತದೆ? ಸ್ವಲ್ಪ ಕಾಲದ ಹಿಂದೆ ತಾಯಿಯೊಬ್ಬರು ನಮ್ಮ ಬಳಿಗೆ ಕಣ್ಣೀರಿಟ್ಟುಕೊಂಡು ಬಂದರು. ಮಗಳ ಮುಂದಿನ ಓದಿಗಾಗಿ ಒಂದು ಸಂಸ್ಥೆಯ ಪುಟದಲ್ಲಿ ಅರ್ಜಿಯ ಹಣವನ್ನು ಕಟ್ಟಲು ಗುಂಡಿ ಒತ್ತಿದರಂತೆ. ಪುಟವು ಅಲುಗಲಿಲ್ಲ, ಬಳೆಯೂ ತಿರುಗಲಿಲ್ಲ, ಒಂದು ಮಾತೂ ಕಾಣಲಿಲ್ಲ. “ಟೀಚರಮ್ಮ, ನಾನು ಒತ್ತಿದ್ದು ತಾಗಲಿಲ್ಲ ಅಂತ ತಿಳಿದೆ” ಎಂದರು. ಇನ್ನೊಮ್ಮೆ ಒತ್ತಿದರು, ಎರಡು ಸಲ ಹಣ ಹೋಯಿತು. ಬೀಡಿ ಕಟ್ಟಿ ಕೂಡಿಸಿದ ಹಣ ಅದು. ಹಿಂದಕ್ಕೆ ಬರಲು ಮೂರು ವಾರ ಹಿಡಿಯಿತು, ಅಷ್ಟರಲ್ಲಿ ಅವರು ಬಸ್ಸಿನ ಖರ್ಚಿಗೂ ಸಾಲ ಮಾಡಿದ್ದರು. ಈ ತಾಯಿಯು ತಪ್ಪನ್ನೇನೂ ಮಾಡಲಿಲ್ಲ. ಬಾಗಿಲು ತಟ್ಟಿದಾಗ ಒಳಗಿನಿಂದ “ಬಂದೆ” ಎಂಬ ದನಿ ಕೇಳದಿದ್ದರೆ ಯಾರಾದರೂ ಮತ್ತೆ ತಟ್ಟುತ್ತಾರೆ.

ಆದಕಾರಣ ನಮ್ಮ ತರಗತಿಯಲ್ಲಿ ಮೊದಲನೆಯ ನಿಯಮ ಇದು: ಗುಂಡಿಯನ್ನು ಒತ್ತಿದೊಡನೆ, ಕೋರಿಕೆಯು ಹೊರಡುವುದಕ್ಕೆ ಮುಂಚೆಯೇ, ಆ ಗುಂಡಿಯು ಎರಡನೆಯ ಸಲ ಒತ್ತಲಾಗದಂತೆ ಮಂಕಾಗಬೇಕು, ಅದರ ಮೇಲಿನ ಮಾತೂ ಬದಲಾಗಬೇಕು. ಹಣದ ವಿಷಯದಲ್ಲಿ ಇಷ್ಟೇ ಸಾಲದು. ಒಂದೊಂದು ಪಾವತಿಗೂ ಒಂದೊಂದು ಗುರುತಿನ ಸಂಖ್ಯೆಯನ್ನು ಕೊಟ್ಟು, ಅದೇ ಸಂಖ್ಯೆಯು ಎರಡನೆಯ ಸಲ ಬಂದರೆ ಸರ್ವರು ಹಣವನ್ನು ಮತ್ತೆ ತೆಗೆದುಕೊಳ್ಳದಂತೆ ಏರ್ಪಡಿಸಬೇಕು. ಏಕೆಂದರೆ ಪರದೆಯ ಮೇಲಿನ ಕಾವಲನ್ನು ಕೆಟ್ಟ ನೆಟ್‌ವರ್ಕು ದಾಟಿಬಿಡಬಲ್ಲದು. ೨೦೧೬ರಲ್ಲಿ ನಮ್ಮ ದೇಶದಲ್ಲಿ ಆರಂಭವಾದ ಯುಪಿಐ ಪಾವತಿಯಲ್ಲಿ ‘ಆಯಿತು’, ‘ಆಗಲಿಲ್ಲ’ ಎಂಬ ಎರಡು ಸ್ಥಿತಿಗಳ ಜೊತೆಗೆ ‘ಇನ್ನೂ ಗೊತ್ತಾಗಿಲ್ಲ’ ಎಂಬ ಮೂರನೆಯ ಸ್ಥಿತಿಯೂ ಉಂಟೆಂಬುದನ್ನು ತಾಯ್ತಂದೆಗಳು ಗಮನಿಸಬೇಕು. ಪಾವತಿ ಬಾಕಿಯಲ್ಲಿದೆ ಎಂದು ಕಂಡಾಗ ಮತ್ತೊಮ್ಮೆ ಹಣ ಕಳುಹಿಸದೆ, ಮೊದಲನೆಯದರ ಗತಿಯನ್ನು ತಿಳಿದುಕೊಳ್ಳುವುದೇ ಒಳ್ಳೆಯದು.

ಈಗ ಪಾಠದ ತಿರುಳಿಗೆ ಬರೋಣ. ಚಿಹ್ನೆಗಳಲ್ಲಿ ಎರಡು ಜಾತಿ. ಇದನ್ನು ತಿಳಿಸಲು ನಾವು ಹುಡುಗಿಯರಿಗೆ ಬಾವಿಯ ದೃಷ್ಟಾಂತವನ್ನು ಕೊಟ್ಟೆವು. ಕೊಡಪಾನವನ್ನು ಇಳಿಬಿಟ್ಟು ಸೇದುವಾಗ ರಾಟೆಯು ಕಿರುಗುಟ್ಟುತ್ತದೆ. ಮನೆಯೊಳಗೆ ಇರುವವರಿಗೆ ಆ ಸದ್ದಿನಿಂದ ಸೇದುವ ಕೆಲಸ ನಡೆದಿದೆ ಎಂದು ಮಾತ್ರ ತಿಳಿಯುತ್ತದೆ; ಕೊಡ ಎಷ್ಟು ಮೇಲಕ್ಕೆ ಬಂತೆಂದು ತಿಳಿಯದು. ತಿರುಗುವ ಬಳೆಯು ಈ ರಾಟೆಯ ಸದ್ದು. ಆದರೆ ಸೇದುವವಳ ಕಾಲಬಳಿ ಹಗ್ಗದ ಸುರುಳಿ ಬೆಳೆಯುತ್ತದೆ. ಬಾವಿಯ ಆಳವನ್ನು ಬಲ್ಲವಳು ಸುರುಳಿಯನ್ನು ನೋಡಿ ಇನ್ನು ಎಷ್ಟು ಮೊಳ ಉಳಿಯಿತೆಂದು ಹೇಳಬಲ್ಲಳು. ಎಡದಿಂದ ಬಲಕ್ಕೆ ತುಂಬುತ್ತಾ ಹೋಗುವ ಪಟ್ಟಿಯು ಈ ಹಗ್ಗದ ಸುರುಳಿ. ಪಟ್ಟಿಯನ್ನು ತೋರಿಸಬೇಕಾದರೆ ಆಳವು ಮೊದಲೇ ಗೊತ್ತಿರಬೇಕಷ್ಟೆ. ಸರ್ವರು ಉತ್ತರದ ತಲೆಬರಹದಲ್ಲಿ ಒಟ್ಟು ಗಾತ್ರ ಇಷ್ಟೆಂದು ತಿಳಿಸಿದ್ದರೆ ಬಂದ ಭಾಗವನ್ನು ಅದರಿಂದ ಭಾಗಿಸಿ ಶೇಕಡಾವಾರು ತೋರಿಸಬಹುದು. ದೊಡ್ಡ ಚಿತ್ರ, ಚಲನಚಿತ್ರ ಮುಂತಾದವುಗಳಿಗೆ ಇದು ಸಾಧ್ಯ. ಗ್ರಂಥಭಂಡಾರದಲ್ಲಿ ಹುಡುಕುವಂಥ ಕೆಲಸದಲ್ಲಿ ಹೊತ್ತು ಹೋಗುವುದು ಸಾಮಾನ್ಯವಾಗಿ ಹುಡುಕುವುದರಲ್ಲಿಯೇ ಹೊರತು ಸಾಗಿಸುವುದರಲ್ಲಿ ಅಲ್ಲ. ಅಲ್ಲಿ ಬಳೆಯೇ ಸರಿ. ಎಚ್‌ಟಿಎಂಎಲ್‌ನಲ್ಲಿ ‘ಪ್ರೋಗ್ರೆಸ್’ ಎಂಬ ಒಂದೇ ಗುರುತು ಎರಡಕ್ಕೂ ಒದಗುತ್ತದೆ: ಬೆಲೆಯನ್ನು ಕೊಟ್ಟರೆ ತುಂಬುವ ಪಟ್ಟಿ, ಕೊಡದಿದ್ದರೆ ಅಳತೆಯಿಲ್ಲದೆ ಓಡಾಡುವ ಪಟ್ಟಿ.

ಇಲ್ಲಿ ನಮಗೆ ಒಂದು ಆಕ್ಷೇಪವುಂಟು. ಆಳ ಗೊತ್ತಿಲ್ಲದಿದ್ದರೂ ಪಟ್ಟಿಯನ್ನು ತುಂಬಿಸುವ ಪುಟಗಳು ಬಹಳ. ಗಡಿಯಾರಕ್ಕೆ ಕಟ್ಟಿದ ಆ ಪಟ್ಟಿಯು ಸರಸರನೆ ತೊಂಬತ್ತರವರೆಗೆ ಓಡಿ, ಅಲ್ಲಿ ಗೂಟ ಹೊಡೆದಂತೆ ನಿಂತುಬಿಡುತ್ತದೆ. ಇದು ಸುಳ್ಳಲ್ಲವೆ ಎಂದು ತರಗತಿಯಲ್ಲಿ ಕೇಳಿದೆವು. ಒಬ್ಬ ಜಾಣೆಯು, “ಕಾಯುವವರಿಗೆ ಸಮಾಧಾನವಾದರೆ ಸಾಲದೆ, ಟೀಚರ್?” ಎಂದಳು. ಅವಳ ಮಾತಿಗೂ ಆಧಾರವಿಲ್ಲದಿಲ್ಲ. ೧೯೮೫ರಲ್ಲಿ ಬ್ರಾಡ್ ಮೈಯರ್ಸ್ ಎಂಬ ಪಂಡಿತರು, ಎಷ್ಟು ಭಾಗ ಮುಗಿಯಿತೆಂದು ತೋರಿಸುವ ಪಟ್ಟಿಯನ್ನು ಜನರು ಬಹಳವಾಗಿ ಮೆಚ್ಚುತ್ತಾರೆಂದು ಪ್ರಯೋಗದಿಂದ ಕಂಡುಕೊಂಡರು. ಅದೇ ವರುಷ ಡೇವಿಡ್ ಮೈಸ್ಟರ್ ಎಂಬವರು ಸರದಿಯಲ್ಲಿ ನಿಲ್ಲುವವರ ಮನಸ್ಸನ್ನು ಕುರಿತು ಬರೆಯುತ್ತಾ, ಕಾರಣ ತಿಳಿಯದ ಕಾಯುವಿಕೆಯೂ ಕೊನೆ ತಿಳಿಯದ ಕಾಯುವಿಕೆಯೂ ಹೆಚ್ಚು ಉದ್ದವಾಗಿ ತೋರುತ್ತವೆ ಎಂದರು. ೨೦೦೭ರಲ್ಲಿ ಕ್ರಿಸ್ ಹ್ಯಾರಿಸನ್ ಮತ್ತು ಅವರ ಜೊತೆಗಾರರು, ಕೊನೆಯಲ್ಲಿ ವೇಗ ಹೆಚ್ಚುವ ಪಟ್ಟಿಯು ಅಷ್ಟೇ ಹೊತ್ತು ಹಿಡಿದರೂ ಬೇಗ ಮುಗಿದಂತೆ ತೋರುತ್ತದೆಂದು ತಿಳಿಸಿದರು. ಇವೆಲ್ಲವೂ ಸರಿಯೇ. ನಿಜವಾಗಿ ನಡೆದಿರುವ ಕೆಲಸವನ್ನು ಹಿತವಾಗಿ ಕಾಣುವಂತೆ ತೋರಿಸುವುದಕ್ಕೆ ನಮ್ಮ ಅಡ್ಡಿಯಿಲ್ಲ. ನಡೆಯದ ಕೆಲಸವನ್ನು ನಡೆದಿದೆ ಎಂದು ತೋರಿಸುವುದು ಬೇರೆ ಮಾತು. ಕಾಯುವವಳು ಆ ಪಟ್ಟಿಯನ್ನು ನಂಬಿ ‘ಇನ್ನೇನು ಬಂತು’ ಎಂದು ಕಟ್ಟೆಯ ಮೇಲೆ ಕುಳಿತು ಬಸ್ಸನ್ನು ತಪ್ಪಿಸಿಕೊಂಡಾಳು. ಜಾಣೆಯು ಒಪ್ಪಿದಳೋ ಇಲ್ಲವೋ ತಿಳಿಯದು. ತನ್ನ ಪುಟದಲ್ಲಿ ಬಳೆಯನ್ನೇ ಇಟ್ಟಳು.

ಬಳೆಯು ಕೂಡ ಸಾಕ್ಷಿಯೆಂದು ತಿಳಿಯಬಾರದು. ಇದನ್ನು ಕೇಳಿದಾಗ ನಮ್ಮ ಹುಡುಗಿಯರು ಬೆರಗಾದರು. ಬಳೆಯು ತಿರುಗುವುದಕ್ಕೂ ದತ್ತಾಂಶವು ಬರುವುದಕ್ಕೂ ಯಾವ ತಂತಿಯೂ ಕಟ್ಟಿಲ್ಲ. ಅದು ತಿರುಗುವ ಒಂದು ಚಿತ್ರ, ಅಷ್ಟೆ. ‘ತಿರುಗು’ ಎಂದು ಹೇಳಿದವರು ‘ನಿಲ್ಲು’ ಎಂದು ಹೇಳುವವರೆಗೂ ಅದು ತಿರುಗುತ್ತದೆ. ಅಷ್ಟರಲ್ಲಿ ಸರ್ವರೇ ಕೆಟ್ಟುಹೋಗಿದ್ದರೂ ಅದಕ್ಕೆ ತಿಳಿಯದು. ಹೀಗಿರಲಾಗಿ ‘ನಿಲ್ಲು’ ಎಂಬ ಮಾತನ್ನು ಎಲ್ಲಿ ಬರೆಯುತ್ತೇವೆಂಬುದೇ ಈ ಪಾಠದ ಮರ್ಮ. ಮೊದಲ ಸಲ ಬರೆಯುವವರೆಲ್ಲರೂ ಉತ್ತರ ಬಂದ ಜಾಗದಲ್ಲಿ ಅದನ್ನು ಬರೆಯುತ್ತಾರೆ: ಪುಸ್ತಕಗಳ ಪಟ್ಟಿ ಬಂತು, ಬಳೆಯನ್ನು ತೆಗೆ, ಪಟ್ಟಿಯನ್ನು ತೋರಿಸು. ಉತ್ತರ ಬಾರದಿದ್ದರೆ? ಆ ಸಾಲಿಗೆ ಯಂತ್ರವು ತಲಪುವುದೇ ಇಲ್ಲ. ಬಳೆಯು ಸಂಜೆಯವರೆಗೂ ತಿರುಗುತ್ತಿರುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಇದಕ್ಕಾಗಿಯೇ ‘ಫೈನಲಿ’ ಎಂಬ ಒಂದು ಭಾಗವಿದೆ. ಪ್ರಯತ್ನದ ಭಾಗವು ಸಫಲವಾಗಲಿ, ಕೆಟ್ಟು ‘ಕ್ಯಾಚ್’ ಎಂಬ ಭಾಗಕ್ಕೆ ಹೋಗಲಿ, ಎರಡು ದಾರಿಗಳೂ ಕಡೆಗೆ ಫೈನಲಿಯ ಮೂಲಕವೇ ಹೊರಬೀಳಬೇಕು. ಬಳೆಯನ್ನು ತೆಗೆಯುವ ಮಾತು, ಮಂಕಾದ ಗುಂಡಿಯನ್ನು ಬಿಡಿಸುವ ಮಾತು ಇವೆರಡನ್ನೂ ಅಲ್ಲಿ ಇಡತಕ್ಕದ್ದು.

ಫೆಚ್ ಕ್ರಮದ ಒಂದು ವಕ್ರಬುದ್ಧಿಯನ್ನೂ ಇಲ್ಲಿಯೇ ಹೇಳಬೇಕು. ಸರ್ವರು ‘ನೀವು ಕೇಳಿದ್ದು ಇಲ್ಲ’ ಎಂದು ೪೦೪ ಎಂಬ ಸಂಖ್ಯೆಯನ್ನು ಕಳುಹಿಸಲಿ, ‘ನನ್ನೊಳಗೇ ಏನೋ ಕೆಟ್ಟಿದೆ’ ಎಂದು ೫೦೦ನ್ನು ಕಳುಹಿಸಲಿ, ಫೆಚ್ ಅದನ್ನು ವಿಫಲವೆಂದು ಎಣಿಸುವುದಿಲ್ಲ. ಉತ್ತರ ಬಂತಷ್ಟೆ, ನನ್ನ ಕೆಲಸ ಆಯಿತು ಎನ್ನುತ್ತದೆ. ಕೆಟ್ಟ ಸುದ್ದಿಯ ಕಾಗದವನ್ನೂ ಒಳ್ಳೆಯ ಸುದ್ದಿಯ ಕಾಗದವನ್ನೂ ಒಂದೇ ಮುಖದಿಂದ ಕೊಟ್ಟುಹೋಗುವ ಅಂಚೆಯವನಂತೆ ಅದರ ನಡತೆ. ನೆಟ್‌ವರ್ಕೇ ಇಲ್ಲದಿದ್ದರೆ ಅದು ವಿಫಲವೆನ್ನುತ್ತದೆ. ಆದಕಾರಣ ಉತ್ತರದಲ್ಲಿರುವ ‘ಓಕೆ’ ಎಂಬ ಗುರುತನ್ನು ನಾವೇ ಪರೀಕ್ಷಿಸಿ, ಸರಿಯಿಲ್ಲದಿದ್ದರೆ ನಾವೇ ದೋಷವನ್ನು ಎತ್ತಿ ಹೇಳಬೇಕು. ಇನ್ನೊಂದು ಮಾತು: ಲಕೋಟೆಯು ಕೈಗೆ ಬಂದೊಡನೆ ಫೆಚ್ ‘ಬಂತು’ ಎನ್ನುತ್ತದೆ, ಒಳಗಿನ ಕಾಗದವು ಇನ್ನೂ ಬರುತ್ತಿರಬಹುದು. ಕಾಗದವನ್ನು ಪೂರ್ತಿಯಾಗಿ ಓದಿದ ಮೇಲೆಯೇ ಬಳೆಯನ್ನು ತೆಗೆಯಬೇಕು.

ಎಷ್ಟು ಹೊತ್ತು ಕಾಯಿಸಬಹುದು ಎಂಬುದಕ್ಕೂ ಒಂದು ಲೆಕ್ಕವುಂಟು. ೧೯೬೮ರಲ್ಲಿ ರಾಬರ್ಟ್ ಮಿಲ್ಲರ್ ಎಂಬವರು ಮನುಷ್ಯನೂ ಗಣಕಯಂತ್ರವೂ ಮಾತನಾಡುವಾಗ ನಡುವೆ ಎಷ್ಟು ತಡ ಸಹ್ಯವೆಂಬುದನ್ನು ವಿಚಾರಿಸಿ ಬರೆದರು. ಅದನ್ನು ಆಧಾರವಾಗಿಟ್ಟುಕೊಂಡು ಜೇಕಬ್ ನೀಲ್ಸನ್ ಎಂಬವರು ೧೯೯೩ರಲ್ಲಿ ಮೂರು ಮೇರೆಗಳನ್ನು ಜನಜನಿತಮಾಡಿದರು. ಸೆಕೆಂಡಿನ ಹತ್ತರಲ್ಲಿ ಒಂದು ಭಾಗದೊಳಗೆ ಉತ್ತರ ಬಂದರೆ ಒಡನೆಯೇ ಆಯಿತೆಂದು ಮನಸ್ಸಿಗೆ ತೋರುತ್ತದೆ. ಒಂದು ಸೆಕೆಂಡಿನವರೆಗೆ ತಡವಾದುದು ತಿಳಿದರೂ ಯೋಚನೆಯ ಎಳೆ ಹರಿಯುವುದಿಲ್ಲ. ಹತ್ತು ಸೆಕೆಂಡು ಮೀರಿದರೆ ಗಮನವು ಬೇರೆ ಕಡೆಗೆ ಹೋಗುತ್ತದೆ. ಇದರಿಂದ ಬಳೆಯನ್ನು ಯಾವಾಗ ತೋರಿಸಬಾರದೆಂಬುದೂ ತಿಳಿಯುತ್ತದೆ. ಕಣ್ಣು ರೆಪ್ಪೆ ಬಡಿಯುವಷ್ಟರಲ್ಲಿ ಬರುವ ಉತ್ತರಕ್ಕೆ ಬಳೆಯನ್ನು ತೋರಿಸಿ ಮರೆಮಾಡಿದರೆ ಪರದೆಯು ಮಿಂಚಿದಂತಾಗಿ ಓದುಗರಿಗೆ ಗಾಬರಿಯಾದೀತು. ಗುಂಡಿಯು ಮಾತ್ರ ಒಡನೆಯೇ ಮಂಕಾಗಲಿ. ಬಳೆಯು ಸೆಕೆಂಡಿನ ಹತ್ತರಲ್ಲಿ ಮೂರು ಭಾಗ ಕಳೆದ ಮೇಲೆ, ಆಗಲೂ ಉತ್ತರ ಬಾರದಿದ್ದರೆ, ಕಾಣಿಸಿಕೊಳ್ಳಲಿ ಎಂದು ನಮ್ಮ ತರಗತಿಯವರು ಗೊತ್ತುಮಾಡಿಕೊಂಡರು. ಹತ್ತು ಸೆಕೆಂಡು ಕಳೆದರೆ ಪುಟವು ಸುಮ್ಮನಿರದೆ, ‘ಎಂದಿಗಿಂತ ತಡವಾಗುತ್ತಿದೆ’ ಎಂದು ಹೇಳಬೇಕು. ಮೂವತ್ತು ಕಳೆದರೆ ‘ಅಬಾರ್ಟ್ ಕಂಟ್ರೋಲರ್’ ಎಂಬ ಸಾಧನದಿಂದ ಕೋರಿಕೆಯನ್ನು ರದ್ದುಮಾಡಿ, ಮತ್ತೆ ಪ್ರಯತ್ನಿಸುವ ಗುಂಡಿಯನ್ನು ಕೊಡಬೇಕು. ಈ ಮಿತಿಯನ್ನು ನಾವು ಹಾಕದಿದ್ದರೆ ಫೆಚ್ ತಾನಾಗಿ ಹಾಕಿಕೊಳ್ಳುವುದಿಲ್ಲ.

ಈಚೆಗೆ ಬಳೆಯ ಬದಲಿಗೆ ಇನ್ನೊಂದು ರೀತಿಯೂ ಬಳಕೆಗೆ ಬಂದಿದೆ. ಬರಲಿರುವ ಸಾಲುಗಳ ಜಾಗದಲ್ಲಿ ಬೂದುಬಣ್ಣದ ಪಟ್ಟೆಗಳನ್ನು ಮೊದಲೇ ಇಟ್ಟಿರುತ್ತಾರೆ. ೨೦೧೩ರಲ್ಲಿ ಲ್ಯೂಕ್ ವ್ರೊಬ್ಲೆವ್ಸ್ಕಿ ಎಂಬವರು ಇದಕ್ಕೆ ‘ಸ್ಕೆಲಿಟನ್’ ಎಂಬ ಹೆಸರನ್ನು ಕೊಟ್ಟರು. ಎಲುಬುಗೂಡೆಂಬ ಹೆಸರು ನಮಗೆ ಹಿಡಿಸಲಿಲ್ಲ. ನಮ್ಮ ಹುಡುಗಿಯರು ಇದನ್ನು ‘ಚುಕ್ಕಿ’ ಎಂದು ಕರೆಯುತ್ತಾರೆ. ರಂಗೋಲಿಯಲ್ಲಿ ಗೆರೆ ಎಳೆಯುವುದಕ್ಕೆ ಮೊದಲು ಚುಕ್ಕಿಗಳನ್ನು ಇಟ್ಟರೆ ಅಂಗಳದಲ್ಲಿ ಎಷ್ಟು ಜಾಗ ಬೇಕೆಂದು ಎಲ್ಲರಿಗೂ ತಿಳಿಯುತ್ತದೆ, ಯಾರೂ ಅಲ್ಲಿ ಕಾಲಿಡುವುದಿಲ್ಲ. ಇದರ ಪ್ರಯೋಜನವೂ ಅದೇ. ಜಾಗವನ್ನು ಮೊದಲೇ ಹಿಡಿದಿಡದಿದ್ದರೆ, ದತ್ತಾಂಶ ಬಂದೊಡನೆ ಕೆಳಗಿನದೆಲ್ಲವೂ ಜಾರಿ, ಓದುಗರು ಒಂದನ್ನು ಒತ್ತಲು ಹೋಗಿ ಇನ್ನೊಂದನ್ನು ಒತ್ತಿಬಿಡುತ್ತಾರೆ.

ಬರೆಯುವವರನ್ನು ಹೆಚ್ಚಾಗಿ ಕಾಡಿದ ತೊಡಕು ಇನ್ನೊಂದು. ಒಬ್ಬಳು ಮೊದಲು ‘ಕಾರಂತ’ ಎಂದು ಹುಡುಕಿದಳು. ತಾಳ್ಮೆಗೆಟ್ಟು ಒಡನೆಯೇ ‘ತ್ರಿವೇಣಿ’ ಎಂದು ಬದಲಾಯಿಸಿದಳು. ಎರಡು ಕೋರಿಕೆಗಳು ಹೊರಟವು. ಕಾರಂತರ ಪುಸ್ತಕಗಳು ಬಹಳವಾದುದರಿಂದ ಆ ಉತ್ತರವು ನಿಧಾನವಾಗಿ, ತ್ರಿವೇಣಿಯವರ ಉತ್ತರದ ಹಿಂದೆ ಬಂತು. ಫಲವೇನೆಂದರೆ ‘ತ್ರಿವೇಣಿ’ ಎಂಬ ಮಾತಿನ ಕೆಳಗೆ ‘ಚೋಮನ ದುಡಿ’, ‘ಮರಳಿ ಮಣ್ಣಿಗೆ’ ಮುಂತಾದವು ಬಂದು ಕುಳಿತವು. ಮೇಲಾಗಿ ಮೊದಲು ಬಂದ ಉತ್ತರವೇ ಬಳೆಯನ್ನು ತೆಗೆದುಹಾಕಿದ್ದರಿಂದ, ಇನ್ನೊಂದು ಉತ್ತರ ದಾರಿಯಲ್ಲಿದೆ ಎಂಬ ಸುಳಿವೂ ಇರಲಿಲ್ಲ. ಪ್ರತಿ ಕೋರಿಕೆಗೂ ಕ್ರಮಸಂಖ್ಯೆಯನ್ನು ಕೊಟ್ಟು, ಕಟ್ಟಕಡೆಯ ಸಂಖ್ಯೆಯ ಉತ್ತರವನ್ನಲ್ಲದೆ ಬೇರೆಯದನ್ನು ಒಳಗೆ ಬಿಡದಿರುವುದು ಇದಕ್ಕೆ ಪರಿಹಾರ. ಹಳೆಯ ಕೋರಿಕೆಯನ್ನು ರದ್ದುಮಾಡುವುದು ಇನ್ನೂ ಉತ್ತಮ.

ಉತ್ತರ ಬಂದರೂ ಅದರಲ್ಲಿ ಏನೂ ಇಲ್ಲದಿರಬಹುದು. ಬರುತ್ತಿದೆ, ಬಂದಿದೆ ಆದರೆ ಏನೂ ಸಿಕ್ಕಲಿಲ್ಲ, ತರಿಸಲಾಗಲಿಲ್ಲ ಎಂಬ ಈ ಮೂರು ಸ್ಥಿತಿಗಳನ್ನು ಬರಿಯ ಖಾಲಿ ಪುಟದಿಂದ ತೋರಿಸುವುದು ನಿರ್ದಯೆ ಎಂದೇ ನಮ್ಮ ಅಭಿಪ್ರಾಯ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿವಸವನ್ನು ನೆನೆಯಿರಿ. ಲಕ್ಷಾಂತರ ಮಕ್ಕಳು ಒಂದೇ ಗಳಿಗೆಯಲ್ಲಿ ಕೇಳಿದರೆ ಎಂಥ ಸರ್ವರಿಗಾದರೂ ಉಸಿರು ಕಟ್ಟುತ್ತದೆ. ತಾಳಲಾರದೆ ಪುಟವನ್ನು ಮತ್ತೆ ಮತ್ತೆ ತೆರೆದಷ್ಟೂ ಕೋರಿಕೆಗಳ ಸಂಖ್ಯೆ ಬೆಳೆದು ಕಾಯುವಿಕೆಯೂ ಬೆಳೆಯುತ್ತದೆ. ಆ ಹೊತ್ತಿನಲ್ಲಿ ನೋಂದಣಿಸಂಖ್ಯೆಯನ್ನು ಬರೆದು ಗುಂಡಿ ಒತ್ತಿದ ಹುಡುಗಿಯ ಎದುರಿಗೆ ಬರಿಯ ಬಿಳಿಯ ಪರದೆ ನಿಂತರೆ, ಅವಳಿಗೆ ಅದು ಸರ್ವರಿನ ಆಯಾಸವೆಂದು ತೋರುವುದಿಲ್ಲ. ತನ್ನ ಹೆಸರೇ ಇಲ್ಲವೆಂದು ತೋರುತ್ತದೆ. ಶಾಲೆಯ ಜಗಲಿಯ ಮೇಲೆ ಹಾಗೆ ಕುಸಿದು ಕುಳಿತ ಹುಡುಗಿಯನ್ನು ನಾವು ಕಂಡಿದ್ದೇವೆ. ಒಂದು ಗಂಟೆಯ ಬಳಿಕ ಅವಳು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದುದು ತಿಳಿದುಬಂತು. ‘ಈಗ ಬಹಳ ಜನ ಕೇಳುತ್ತಿದ್ದಾರೆ, ನಿಮ್ಮ ಫಲಿತಾಂಶವನ್ನು ಇನ್ನೂ ನೋಡಲಾಗಿಲ್ಲ’ ಎಂಬ ಒಂದು ಸಾಲು ಇದ್ದಿದ್ದರೆ ಆ ಒಂದು ಗಂಟೆಯನ್ನು ಅವಳು ಬೇರೆ ರೀತಿಯಲ್ಲಿ ಕಳೆಯುತ್ತಿದ್ದಳು.

ಮಾತಿನ ವಿಷಯ ಬಂದುದರಿಂದ ಹೇಳುತ್ತೇವೆ. ‘ಲೋಡ್ ಆಗುತ್ತಿದೆ’ ಎಂಬುದು ಎಲ್ಲೆಲ್ಲಿಯೂ ಕಾಣುವ ಮಾತು. ಲಾರಿಗೆ ಮೂಟೆ ಹೇರುವುದನ್ನು ಬಲ್ಲ ಅಜ್ಜಿಯರಿಗೆ ಅದು ನಗೆಯನ್ನು ತರಿಸುತ್ತದೆ. ‘ನಿರೀಕ್ಷಿಸಿ’ ಎಂಬುದು ಗಂಭೀರವಾದರೂ ಯಾವುದನ್ನು ಎಂದು ಹೇಳುವುದಿಲ್ಲ. ಬಹಳ ಚರ್ಚೆಯ ಮೇಲೆ ನಮ್ಮ ಹುಡುಗಿಯರು ‘ಪುಸ್ತಕಗಳ ಪಟ್ಟಿ ಬರುತ್ತಿದೆ’ ಎಂದು ಬರೆದರು. ಬರುವ ವಸ್ತುವಿನ ಹೆಸರನ್ನು ಹೇಳಿದರೆ ಆಜ್ಞೆಯ ಅಗತ್ಯವೇ ಇಲ್ಲ.

ಈ ಮಾತನ್ನು ಬಳೆಯ ಕೆಳಗೆ ಬರೆಯುವುದು ಅಲಂಕಾರಕ್ಕಲ್ಲ. ಕಣ್ಣು ಕಾಣದ ನಮ್ಮ ಪೂರ್ವವಿದ್ಯಾರ್ಥಿನಿಯೊಬ್ಬಳು ಎನ್‌ವಿಡಿಎ ಎಂಬ, ಬೆಲೆಯಿಲ್ಲದೆ ದೊರಕುವ ಓದುಯಂತ್ರದ ನೆರವಿನಿಂದ ಗಣಕವನ್ನು ಬಳಸುತ್ತಾಳೆ. ಅದು ಕನ್ನಡವನ್ನೂ ಓದಿ ಹೇಳುತ್ತದೆ. ತರಗತಿಯ ಪುಟಗಳನ್ನು ಪರೀಕ್ಷಿಸಲು ಅವಳನ್ನು ಕರೆಸಿದೆವು. ಅಂದವಾದ ಬಳೆಯಿದ್ದ ಪುಟದ ಮುಂದೆ ಕುಳಿತು, “ಟೀಚರ್, ನಾನು ಒತ್ತಿದೆ. ಆಮೇಲೆ ಏನೂ ಇಲ್ಲ” ಎಂದಳು. ತಿರುಗುವ ಚಿತ್ರಕ್ಕೆ ದನಿಯಿಲ್ಲವಷ್ಟೆ. ಮಾತನ್ನು ‘ಸ್ಟೇಟಸ್’ ಎಂಬ ಪಾತ್ರವುಳ್ಳ ಭಾಗದಲ್ಲಿ ಇಟ್ಟರೆ, ಅದು ಬದಲಾದಾಗ ಓದುಯಂತ್ರವು ಕೇಳುವವರ ಕೆಲಸವನ್ನು ಕೆಡಿಸದೆ ಅದನ್ನು ಓದಿ ಹೇಳುತ್ತದೆ. ಆ ಭಾಗವು ಪುಟದಲ್ಲಿ ಮೊದಲಿನಿಂದಲೇ ಖಾಲಿಯಾಗಿ ಇದ್ದು, ಬಳಿಕ ಅದರೊಳಗೆ ಮಾತನ್ನು ಹಾಕತಕ್ಕದ್ದು. ಭಾಗವನ್ನೂ ಮಾತನ್ನೂ ಒಟ್ಟಿಗೆ ತಂದಿಟ್ಟರೆ ಯಂತ್ರಗಳು ಅನೇಕ ವೇಳೆ ಗಮನಿಸುವುದಿಲ್ಲ. ಇಂಥ ಸೂಚನೆಗಳು ಕುರುಡರಿಗೂ ಮುಟ್ಟಬೇಕೆಂಬ ನಿಯಮವು ೨೦೧೮ರಲ್ಲಿ ಹೊರಟ ಅಂತರರಾಷ್ಟ್ರೀಯ ಸೂತ್ರಗಳಲ್ಲಿಯೂ ಸೇರಿದೆ. ಚಲನೆಯನ್ನು ಕಂಡರೆ ತಲೆ ತಿರುಗುವವರೂ ಉಂಟು. ಅವರು ತಮ್ಮ ಯಂತ್ರದಲ್ಲಿ ಚಲನೆ ಬೇಡವೆಂದು ಗುರುತು ಹಾಕಿದ್ದರೆ, ಪುಟವು ಅದನ್ನು ಓದಿ ಬಳೆಯನ್ನು ನಿಲ್ಲಿಸಿ ಮಾತನ್ನು ಮಾತ್ರ ತೋರಿಸಬೇಕು. ಆ ಪೂರ್ವವಿದ್ಯಾರ್ಥಿನಿಯು ಎರಡನೆಯ ಸಲ ಬಂದಾಗ, ಗುಂಡಿ ಒತ್ತಿದೊಡನೆ “ಪುಸ್ತಕಗಳ ಪಟ್ಟಿ ಬರುತ್ತಿದೆ” ಎಂದು ಯಂತ್ರವು ಹೇಳಿತು, ಆಮೇಲೆ “ಹನ್ನೆರಡು ಪುಸ್ತಕಗಳು” ಎಂದಿತು. ಹುಡುಗಿಯರು ಚಪ್ಪಾಳೆ ತಟ್ಟಿದ್ದರಿಂದ ಮುಂದಿನದು ಅವಳಿಗೆ ಕೇಳಿಸಲಿಲ್ಲ.

ಪರೀಕ್ಷೆಮಾಡುವ ಕ್ರಮವನ್ನು ಹೇಳಿ ಮುಗಿಸುತ್ತೇವೆ. ಶಾಲೆಯ ಕೊಠಡಿಯಲ್ಲಿ ನೆಟ್‌ವರ್ಕು ವೇಗವಾಗಿರುವುದರಿಂದ ಬಳೆಯು ಕಾಣುವುದೇ ಅಪರೂಪ. ಬರೆದವರಿಗೆ ಎಲ್ಲವೂ ಸರಿಯೆಂದೇ ತೋರುತ್ತದೆ. ಆದಕಾರಣ ಬ್ರೌಸರಿನಲ್ಲಿ ಪುಟ ಕಟ್ಟುವವರಿಗಾಗಿ ಇರುವ ಉಪಕರಣಗಳನ್ನು ತೆರೆದು, ಜಾಲದ ವೇಗವನ್ನು ಬೇಕೆಂದೇ ತಗ್ಗಿಸಿ ನೋಡಬೇಕು. ಬಳಿಕ ಜಾಲವನ್ನು ಪೂರ್ತಿಯಾಗಿ ಕಡಿದು ನೋಡಬೇಕು. ಮನೆಯಲ್ಲಿರುವ ನೀವೂ ಇದನ್ನು ಮಾಡಬಹುದು. ನೀವು ದಿನವೂ ಬಳಸುವ ಯಾವುದಾದರೂ ಒಂದು ಪುಟವನ್ನು ಮೊಬೈಲಿನಲ್ಲಿ ತೆರೆದು, ಡೇಟಾವನ್ನೂ ವೈಫೈಯನ್ನೂ ಮುಚ್ಚಿ, ಏನನ್ನಾದರೂ ಹುಡುಕಿರಿ. ಹಣದ ಪುಟಗಳಲ್ಲಿ ಮಾತ್ರ ಈ ಪ್ರಯೋಗ ಬೇಡ. ಬಳೆಯು ಎಷ್ಟು ಹೊತ್ತು ತಿರುಗಿತು, ಕಡೆಗೆ ಏನೆಂದು ಹೇಳಿತು, ಅಥವಾ ಏನನ್ನೂ ಹೇಳಲಿಲ್ಲವೋ ಎಂಬುದನ್ನು ಒಂದು ಕಾರ್ಡಿನಲ್ಲಿ ಬರೆದು ಶಾಲೆಯ ವಿಳಾಸಕ್ಕೆ ಕಳುಹಿಸಿದರೆ, ಜೂನ್ ತಿಂಗಳಲ್ಲಿ ಹೊಸ ತರಗತಿಗೆ ಬರುವ ಹುಡುಗಿಯರಿಗೆ ಅವುಗಳನ್ನು ಓದಿ ಹೇಳುವೆವು.